ಪಿಲ್ಕೊಮಾಯೊ ಕಣಿವೆಯಲ್ಲಿ ಕುಸಿದ ದಾರಿ

ಅಫಜಲಪುರದ ಕಡೆ ಬೆಳೆದವರಿಗೆ ಎತ್ತರದ ಪರಿಚಯ ಕಡಿಮೆ. ನಮ್ಮ ಯರಿಹೊಲದಲ್ಲಿ ನಿಂತು ಯಾವ ದಿಕ್ಕಿಗೆ ನೋಡಿದರೂ ಆಕಾಶ ನೆಲಕ್ಕೆ ತಾಗುವವರೆಗೆ ಕಣ್ಣಿಗೆ ಅಡ್ಡ ಬರುವುದು ಒಂದು ಬೇವಿನ ಮರ, ಒಂದು ಕಣಕಿ ಬಣವೆ, ಅಷ್ಟೇ. ಮಾಳಿಗೆಯ ಮೇಲೆ ಶಾಂಡಿಗೆ ಒಣಹಾಕಲು ಹತ್ತಿದಾಗ ಸಹ ನಾನು ಅಂಚಿನಿಂದ ಎರಡು ಮಾರು ದೂರವೇ ಇರುತ್ತಿದ್ದೆ. ಅಂಥವಳು ಎಂಬತ್ತರ ದಶಕದ ನಡುವಿನ ಒಂದು ಏಪ್ರಿಲ್‌ನಲ್ಲಿ ಆಂಡೀಸ್ ಪರ್ವತದ ಬುಡದ ಊರೊಂದಕ್ಕೆ ಹೋದೆ.

ಹೋಗಿದ್ದು ಶೇಂಗಾದ ದೆಸೆಯಿಂದ. ಆಗ ನಾನು ಎಣ್ಣೆಕಾಳುಗಳ ಸಂಶೋಧನಾ ಕೇಂದ್ರವೊಂದರಲ್ಲಿ ಸಹಾಯಕಿಯಾಗಿದ್ದೆ. ಎಲೆಯ ಮೇಲೆ ಕಪ್ಪು ಚುಕ್ಕೆ ಬಿದ್ದು ಬಳ್ಳಿಯೆಲ್ಲ ಬೋಳಾಗುವ ರೋಗ ನಮ್ಮ ಶೇಂಗಾವನ್ನು ವರ್ಷವರ್ಷವೂ ತಿನ್ನುತ್ತಿತ್ತು. ಶೇಂಗಾದ ತವರು ದಕ್ಷಿಣ ಅಮೆರಿಕದ ಬೊಲಿವಿಯಾ ದೇಶ. ಅಲ್ಲಿನ ಬೆಟ್ಟದಡಿಯಲ್ಲಿ ಅದರ ಕಾಡು ಬಳಗ ಇಂದಿಗೂ ಬೆಳೆಯುತ್ತದೆ, ಅದಕ್ಕೆ ಈ ರೋಗ ತಾಗುವುದಿಲ್ಲ. ಆ ಬೀಜ ತರಲು ನಮ್ಮಿಬ್ಬರನ್ನು ಕಳಿಸಿದರು. ಇನ್ನೊಬ್ಬರು ನನ್ನ ಹಿರಿಯ ಅಧಿಕಾರಿ ಶಿವಶರಣಪ್ಪನವರು. ಆಳಂದದವರು, ವಯಸ್ಸು ಐವತ್ತಾರು. ಬೆಳಗ್ಗೆ ಲಿಂಗಪೂಜೆ ಆಗದೆ ನೀರು ಸಹ ಕುಡಿಯದವರು. ನಾನು ಮೂವತ್ತೆರಡರವಳು.

ಹೊರಡುವ ದಿನ ಅವ್ವ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಡುತ್ತ ಅಂದಿದ್ದಳು: "ಶೇಂಗಾ ತರಾಕ ಹೊಂಟಾಕಿಗೆ ಶೇಂಗಾನ ಕಟ್ಟಾಕತ್ತೇನಿ ನೋಡು."

ವಿಲ್ಯಾಮೋಂತೆಸ್

ಉತ್ತರದ ದೊಡ್ಡ ಊರಿನಿಂದ ಇಡೀ ದಿನ ರೈಲಿನಲ್ಲಿ ಕುಳಿತು ಇಲ್ಲಿಗೆ ಬಂದೆವು. ಇಳಿದಾಗ ನನಗೆ ಸಮಾಧಾನವಾಯಿತು. ಊರು ಸಪಾಟಾಗಿತ್ತು. ಅಗಲವಾದ ಮಣ್ಣಿನ ಬೀದಿಗಳು, ಧೂಳು, ನಮ್ಮ ಮೇ ತಿಂಗಳಂಥ ಬಿಸಿಲು. ಬೀದಿ ಬದಿಯ ಮರ ನೋಡಿ ಶಿವಶರಣಪ್ಪನವರು ನಿಂತೇಬಿಟ್ಟರು. ಥೇಟ್ ನಮ್ಮ ಬಳ್ಳಾರಿ ಜಾಲಿಯ ಅಣ್ಣತಮ್ಮ. ಕಾಯಿ ಮುರಿದು ಮೂಸಿ, "ಇಲ್ಲಿ ತನಕ ಬಂದು ಜಾಲಿ ಕಂಟಿ ನೋಡೂದಾತು" ಎಂದು ನಕ್ಕರು.

ಪಶ್ಚಿಮಕ್ಕೆ ತಿರುಗಿದಾಗ ಆ ಸಮಾಧಾನ ಹೋಯಿತು. ಊರು ಮುಗಿಯುವಲ್ಲಿಯೇ ಬೆಟ್ಟ ಎದ್ದಿತ್ತು. ಏರು, ಇಳಿಜಾರು ಏನೂ ಇಲ್ಲ, ನೆಲದಿಂದ ನೆಟ್ಟಗೆ ಎದ್ದ ಗೋಡೆ. ಆಂಡೀಸ್ ಸಾಲುಗಳಲ್ಲಿ ಇದು ಕಟ್ಟಕಡೆಯದು. ಇದರ ಪೂರ್ವಕ್ಕೆ ಪರಾಗ್ವೆ ದೇಶದವರೆಗೂ ಮುಳ್ಳುಕಾಡಿನ ಬಯಲು. ಗೋಡೆಯ ಒಂದೇ ಒಂದು ಕಡೆ ಸೀಳು ಇದೆ, ಆ ಸೀಳಿನಿಂದ ಪಿಲ್ಕೊಮಾಯೊ ಎಂಬ ಕೆಂಪು ನೀರಿನ ನದಿ ಹೊರಬೀಳುತ್ತದೆ. ಊರು ಹುಟ್ಟಿದ್ದು ಆ ಬಾಯಿಯ ಮುಂದೆ.

ನಮಗೆ ಜೊತೆಯಾಗಿ ಬಂದ ಅಲ್ಲಿನ ಕೃಷಿ ಇಲಾಖೆಯ, ಇಂಗ್ಲಿಷ್ ಬಲ್ಲ ಮಾರ್ತಾ ಎಂಬ ಹೆಂಗಸು ನೆಲದ ಮೇಲೆ ಕಡ್ಡಿಯಿಂದ ಗೆರೆ ಎಳೆದು ಊರಿನ ದಾರಿಗಳನ್ನು ತೋರಿಸಿದಳು. ಉತ್ತರ ದಕ್ಷಿಣಕ್ಕೆ ರೈಲು, ದಕ್ಷಿಣದ ತುದಿಯಲ್ಲಿ ಅರ್ಜೆಂಟೀನಾದ ಗಡಿ. ಪೂರ್ವಕ್ಕೆ ಮಳೆ ಬಂದರೆ ಕೆಸರಾಗಿಬಿಡುವ ಬಯಲಿನ ದಾರಿ. ಪಶ್ಚಿಮಕ್ಕೆ ನದಿಯ ಸೀಳಿನೊಳಗಿನಿಂದ ಬೆಟ್ಟ ಹೊಕ್ಕು ಹೋಗುವ ರಸ್ತೆ. ನಮಗೆ ಬೇಕಾದ ಕಾಡು ಶೇಂಗಾ ಆ ಪಶ್ಚಿಮದ ರಸ್ತೆಯ ಮೇಲಿತ್ತು.

"ಬೇರೆ ದಾರಿ ಇಲ್ಲವೇ?" ಎಂದು ಕೇಳಿದೆ.

"ನದಿಗೂ ಬೇರೆ ದಾರಿ ಸಿಕ್ಕಿಲ್ಲ" ಎಂದಳು.

ಮಾರನೆಯ ದಿನ ದಕ್ಷಿಣದಿಂದ ಚಳಿಗಾಳಿ ಬೀಸಿತು. ಬಿಸಿಲೂರು ಒಂದೇ ದಿನದಲ್ಲಿ ಸ್ವೆಟರಿನ ಊರಾಯಿತು. ಶಿವಶರಣಪ್ಪನವರಿಗೆ ನೆಗಡಿ ಹಿಡಿಯಿತು. "ಗಂಗವ್ವ, ನಿನ್ನ ಹಂತ್ಯಾಕ ನೆಗಡಿ ಗುಳಿಗಿ ಏನರ ಅದೇನವಾ?" ಎಂದರು. ಕಲಬುರ್ಗಿಯಿಂದ ತಂದ ಒಂದು ಪಟ್ಟಿ ಗುಳಿಗೆ ನನ್ನ ಚೀಲದಲ್ಲಿತ್ತು. ದಿನಕ್ಕೆ ಮೂರು ಎಂದು ಹೇಳಿ ಪಟ್ಟಿಯನ್ನೇ ಕೊಟ್ಟೆ.

ಅಂಗೋಸ್ತೊ

ಆ ಸೀಳಿಗೆ ಅಲ್ಲಿಯವರು ಅಂಗೋಸ್ತೊ ಎನ್ನುತ್ತಾರೆ, ಇಕ್ಕಟ್ಟು ಎಂದು ಅರ್ಥ. ಜೀಪಿನ ಚಾಲಕ ಎವುಸೇಬಿಯೊ ಅದರ ಬಾಯಲ್ಲಿ ಜೀಪು ನಿಲ್ಲಿಸಿ ಇಳಿದ. ಸಣ್ಣ ಬಾಟಲಿಯಿಂದ ಸಾರಾಯಿಯನ್ನು ಮುಂದಿನ ಎರಡೂ ಗಾಲಿಯ ಬಳಿ ನೆಲಕ್ಕೆ ಸುರಿದ, ಭೂತಾಯಿಯ ಪಾಲು ಅದು. ನಮ್ಮಲ್ಲಿ ಗಾಲಿಗೆ ನಿಂಬೆಹಣ್ಣು ಇಡುವುದನ್ನು ನೋಡಿದ್ದೇನೆ, ಆದರೆ ಅದು ಹೊಸ ಗಾಡಿ ತಂದ ದಿನ, ಅಮಾವಾಸ್ಯೆಯ ದಿನ. ಇವನು ದಿನವೂ ಹೀಗೆ ಮಾಡುತ್ತಾನೆ ಎಂದು ಮಾರ್ತಾ ಹೇಳಿದಳು. ದಿನವೂ ಬೇಡಿಕೊಳ್ಳಬೇಕಾದ ದಾರಿ ಎಂಥದ್ದಿರಬಹುದು ಎಂದುಕೊಂಡೆ.

ರಸ್ತೆ ಒಂದೇ ಗಾಡಿಯಷ್ಟು ಅಗಲ. ಎಡಕ್ಕೆ ಆಳದಲ್ಲಿ ನದಿ, ಬಲಕ್ಕೆ ಬಂಡೆ. ಬಂಡೆಯನ್ನು ಕೊರೆದು ಮಾಡಿದ ಕಡೆ ಅದರ ಚಾಚು ಜೀಪಿನ ಟಾಪಿಗೆ ತಾಗುವಂತೆ ತಲೆಯ ಮೇಲೆ ಬಂದಿತ್ತು. ತಿರುವು ಬಂದಾಗಲೆಲ್ಲ ಎವುಸೇಬಿಯೊ ಹಾರ್ನ್ ಹೊಡೆದು ಜೀಪು ನಿಲ್ಲಿಸಿ ಕಿವಿಗೊಡುತ್ತಿದ್ದ. ಆಚೆಯಿಂದ ಇನ್ನೊಂದು ಹಾರ್ನ್ ಬಂದರೆ ಯಾರಾದರೊಬ್ಬರು ಹಿಂದಕ್ಕೆ ಹೋಗಬೇಕು. ಒಮ್ಮೆ ಹಾಗೆ ಲಾರಿ ಬಂತು. ನಮ್ಮ ಜೀಪು ಹಿಂದೆ ಸರಿಯಿತು. ನಾನು ಎಡಗಡೆಯ ಕಿಟಕಿಯಲ್ಲಿದ್ದೆ. ಕೆಳಗೆ ನೋಡಿದಾಗ ರಸ್ತೆ ಕಾಣಲಿಲ್ಲ, ನೀರೇ ಕಂಡಿತು.

ರಸ್ತೆಯ ಅಂಚಿನಲ್ಲಿ ಅಲ್ಲಲ್ಲಿ ಬಿಳಿ ಶಿಲುಬೆಗಳು, ಕೆಲವಕ್ಕೆ ಕಾಗದದ ಹೂ. ಮೊದಲು ಅವು ನಮ್ಮ ಗಾಣಗಾಪುರದ ದಾರಿಯಲ್ಲಿರುವಂಥ ಭಕ್ತರ ಗುರುತುಗಳೆಂದು ತಿಳಿದೆ. ಮಾರ್ತಾಳನ್ನು ಕೇಳಿದೆ. ಗಾಡಿ ಬಿದ್ದ ಜಾಗಗಳು ಎಂದಳು. ಆಮೇಲೆ ನಾನು ಸೆರಗಿನಿಂದ ಮುಖ ಮುಚ್ಚಿಕೊಂಡು ಕುಳಿತೆ. ಪಕ್ಕದಲ್ಲಿ ಶಿವಶರಣಪ್ಪನವರು ಎದೆಯ ಲಿಂಗದ ಕರಡಿಗೆಯನ್ನು ಅಂಗಿಯ ಮೇಲಿಂದಲೇ ಹಿಡಿದುಕೊಂಡಿದ್ದರು.

ಪಾಲೋಸ್ ಬ್ಲಾಂಕೋಸ್

ಕಣಿವೆ ದಾಟಿದ ಮೇಲೆ ಬೆಟ್ಟಗಳ ನಡುವಿನ ಈ ಹಳ್ಳಿ ಸಿಕ್ಕಿತು. ಮಣ್ಣಿನ ಮನೆಗಳು, ಜೋಳದ ತೆನೆ ತೂಗುಹಾಕಿದ ಜಂತಿ, ಹಂದಿ, ಕೋಳಿ. ನಾವು ಇಳಿದುಕೊಂಡ ಮನೆಯ ಯಜಮಾನಿ ಊಟಕ್ಕೆ ಶೇಂಗಾ ಸಾರು ಮಾಡಿದಳು. ಬೆಳ್ಳಗೆ, ಗಟ್ಟಿಯಾಗಿ, ಘಮ್ಮೆನ್ನುತ್ತಿತ್ತು. ಶಿವಶರಣಪ್ಪನವರು ಖುಷಿಯಿಂದ ಸೌಟು ಹಾಕಿದರು, ಸೌಟಿನಲ್ಲಿ ಮೊಳಕೈ ಉದ್ದದ ಎಲುಬು ಮೇಲೆ ಬಂತು. ಮೆಲ್ಲಗೆ ಅದನ್ನು ಮತ್ತೆ ಪಾತ್ರೆಗೆ ಇಳಿಸಿ, ಕೈ ತೊಳೆದುಕೊಂಡು, ನಮ್ಮ ಖಡಕ್ ರೊಟ್ಟಿ ಬಿಚ್ಚಿದರು. ಯಜಮಾನಿ ನಮ್ಮ ಹಿಂಡಿಯ ರುಚಿ ನೋಡಿದಳು. ಕಣ್ಣಲ್ಲಿ ನೀರು ಬಂದರೂ ಇನ್ನೊಂದು ಚಿಟಿಕೆ ಕೇಳಿ ಹಾಕಿಸಿಕೊಂಡಳು.

ಎರಡು ದಿನ ಹಳ್ಳದ ಮರಳು ದಂಡೆಗಳಲ್ಲಿ ನೆಲ ಬಗೆದೆವು. ಕಾಡು ಶೇಂಗಾದ ಕಾಯಿ ನಮ್ಮ ಹೆಸರುಕಾಳಿಗಿಂತ ತುಸು ದೊಡ್ಡದು, ಒಂದೊಂದು ಕಾಳಿಗೂ ಒಂದೊಂದು ಸಿಪ್ಪೆ, ನೆಲದೊಳಗೆ ದಾರದಂಥ ಎಳೆಗೆ ಜೋತುಬಿದ್ದಿರುತ್ತದೆ. ಹನ್ನೊಂದು ಬಗೆ ಸಿಕ್ಕವು. ಬಟ್ಟೆಯ ಚೀಲಗಳಲ್ಲಿ ಕಟ್ಟಿ ಹೆಸರು ಬರೆದೆ. ಇಷ್ಟಾದರೆ ಇಷ್ಟು ದೂರ ಬಂದದ್ದು ಸಾರ್ಥಕ ಅನ್ನಿಸಿತು.

ಎರಡನೆಯ ಮಧ್ಯಾಹ್ನದಿಂದ ಶಿವಶರಣಪ್ಪನವರು ಮಾತು ಕಡಿಮೆ ಮಾಡಿದರು. ಪದೇ ಪದೇ ಗಿಡಗಂಟಿಯ ಮರೆಗೆ ಹೋಗುತ್ತಿದ್ದರು, ಬಹಳ ಹೊತ್ತು ಬಿಟ್ಟು ಬರುತ್ತಿದ್ದರು. ಕೇಳಿದರೆ, "ಏನಿಲ್ಲವಾ, ಬ್ಯಾಸಗಿ ಆಗ್ಯಾದ" ಎನ್ನುವರು. ಚಳಿಗಾಳಿಯಲ್ಲಿ ಎಂಥ ಬೇಸಿಗೆ? ಮೂರನೆಯ ಬೆಳಗ್ಗೆ ಮಳೆ ಸುರಿಯುತ್ತಿತ್ತು. ಅವರು ಪೂಜೆಗೆ ಕುಳಿತವರು ಏಳಲಿಲ್ಲ. ಹೋಗಿ ನೋಡಿದರೆ ಗೋಡೆಗೆ ಒರಗಿದ್ದಾರೆ, ಮುಖ ಬೂದಿ ಬಣ್ಣಕ್ಕೆ ತಿರುಗಿದೆ, ಹಣೆಯ ವಿಭೂತಿ ಬೆವರಿನಲ್ಲಿ ಕರಗಿ ಇಳಿಯುತ್ತಿದೆ.

"ಸರ, ಏನಾಗ್ಯಾದ ಖರೇ ಹೇಳ್ರಿ."

ಅವರು ಗೋಡೆಯ ಕಡೆ ಮುಖ ತಿರುಗಿಸಿದರು. "ನಿನ್ನ ಮುಂದ ಹ್ಯಾಂಗ ಹೇಳ್ಲೆವ್ವಾ, ಹೆಣ್ಮಗಳು ನೀನು."

"ಇಲ್ಲಿ ಕನ್ನಡ ತಿಳಿಯೋರು ನಾ ಒಬ್ಬಾಕೀನ ಇದ್ದೇನ್ರಿ. ನನಗ ಹೇಳಲಿಲ್ಲಂದ್ರ ಯಾರಿಗಿ ಹೇಳ್ತೀರಿ?"

ಗೋಡೆಗೇ ಹೇಳುವಂತೆ ಹೇಳಿದರು: "ನಿನ್ನಿ ಮಧ್ಯಾಹ್ನದಿಂದ ಒಂದಕ್ಕ ಆಗವಲ್ದು. ಒಂದು ಹನಿ ಇಲ್ಲ. ಹೊಟ್ಟಿ ಕಲ್ಲಾಗ್ಯಾದ."

ಮುಟ್ಟಿ ನೋಡಿದೆ. ಹೊಕ್ಕುಳದ ಕೆಳಗೆ ನಿಜವಾಗಿಯೂ ಕಲ್ಲಿನಂತೆ ಬಿಗಿದಿತ್ತು. ಅವ್ವನ ತವರಾದ ಯಡ್ರಾಮಿಯಲ್ಲಿ ನನ್ನ ಸೋದರಮಾವ ಹೀಗೆಯೇ ಮೂತ್ರ ಕಟ್ಟಿ, ಆಸ್ಪತ್ರೆಗೆ ಒಯ್ಯುವುದು ತಡವಾಗಿ, ತೀರಿಕೊಂಡಿದ್ದರು. ನನಗೆ ಗೊತ್ತಿದ್ದ ವೈದ್ಯಶಾಸ್ತ್ರ ಅದೊಂದೇ, ತಡ ಮಾಡಬಾರದು ಎಂಬುದು. ಹಳ್ಳಿಯಲ್ಲಿ ಡಾಕ್ಟರಿಲ್ಲ. ಆಸ್ಪತ್ರೆ ಇದ್ದದ್ದು ಅಂಗೋಸ್ತೊದ ಆಚೆ. ಮಾರ್ತಾಳಿಗೆ ಹೇಳಿದೆ. ಅವಳು ಒಂದೂ ಪ್ರಶ್ನೆ ಕೇಳದೆ ಎವುಸೇಬಿಯೊನನ್ನು ಕೂಗಿದಳು.

ಕುಸಿದ ಜಾಗ

ಜೀಪು ಪ್ರತಿ ಕುಣಿಗೆ ಹಾರಿದಾಗಲೂ ಹಿಂದಿನಿಂದ ಒಂದು ಸಣ್ಣ ನರಳು ಕೇಳುತ್ತಿತ್ತು. ಹಲ್ಲು ಕಚ್ಚಿದ ಬಾಯಿಂದ ತಪ್ಪಿಸಿಕೊಂಡು ಬಂದ ಸದ್ದು ಅದು. ಈ ಸಲ ನಾನು ಕಿಟಕಿಯಾಚೆ ನೋಡಲಿಲ್ಲ, ಹಿಂದಕ್ಕೆ ತಿರುಗಿ ಅವರ ಮುಖವನ್ನೇ ನೋಡುತ್ತಿದ್ದೆ. ಕಣಿವೆಯ ನಡುಮಧ್ಯೆ ಒಂದು ತಿರುವಿನಲ್ಲಿ ಎವುಸೇಬಿಯೊ ಜೀಪು ನಿಲ್ಲಿಸಿದ, ಹಾರ್ನ್ ಹೊಡೆಯಲಿಲ್ಲ. ಇಳಿದು ನೋಡಿದರೆ ಮುಂದೆ ರಸ್ತೆಯೇ ಇರಲಿಲ್ಲ.

ಮೇಲಿನ ಬೆಟ್ಟದ ಒಂದು ಭಾಗ ಜಾರಿ ರಸ್ತೆಯನ್ನು ತನ್ನ ಜೊತೆಗೆ ನದಿಗೆ ಒಯ್ದಿತ್ತು. ನಮ್ಮೂರ ಬಸ್ ನಿಲ್ದಾಣದ ಈ ತುದಿಯಿಂದ ಆ ತುದಿಯಷ್ಟು ಉದ್ದಕ್ಕೆ ಬರೀ ಹಸಿ ಮಣ್ಣು, ಒಡ್ಡಿನ ಮಗ್ಗುಲಿನಂತೆ ಓರೆಯಾಗಿ ನೀರಿನವರೆಗೆ ಇಳಿದಿತ್ತು. ಅದರ ಮೇಲೆ ಆಗಲೇ ಜನ ನಡೆದು ಒಂದು ಪಾದದಷ್ಟು ಅಗಲದ ಹಾದಿ ಮಾಡಿದ್ದರು. ಆಚೆ ಕಡೆ ಒಂದು ಲಾರಿ ನಿಂತಿತ್ತು. ಆ ಕಡೆಯ ಗಾಡಿಯವರು ಈ ಕಡೆಗೆ, ಈ ಕಡೆಯವರು ಆ ಕಡೆಗೆ ನಡೆದು ದಾಟಿ ಗಾಡಿ ಬದಲಿಸುವುದು ಅಲ್ಲಿನ ರೂಢಿ. ನಮ್ಮಲ್ಲಿ ಭೀಮಾನದಿ ಸೇತುವೆ ಮುಳುಗಿದರೆ ಎರಡೂ ದಂಡೆಯವರು ಬಸ್ಸಿನಲ್ಲೇ ಕುಳಿತು ನೀರು ಇಳಿಯುವುದನ್ನು ಕಾಯುತ್ತಾರೆ. ಇವರು ಕಾಯುವುದಿಲ್ಲ. ನಮ್ಮ ಕಣ್ಣೆದುರಿಗೇ ಒಬ್ಬ ಹೆಂಗಸು ತಲೆಯ ಮೇಲೆ ಗಂಟು, ಕಂಕುಳಲ್ಲಿ ಕೋಳಿ ಇಟ್ಟುಕೊಂಡು ದಾಟಿ ಬಂದಳು.

ರಸ್ತೆ ಕೆಲಸದವನೊಬ್ಬ ಸೀಟಿ ಹಿಡಿದು ಬಂಡೆಯ ಮೇಲೆ ನಿಂತು ಬೆಟ್ಟದ ಮೇಲ್ಭಾಗವನ್ನೇ ನೋಡುತ್ತಿದ್ದ. ಮಾರ್ತಾ ವಿವರಿಸಿದಳು: "ಕಲ್ಲು ಉರುಳಿದರೆ ಅವನು ಸೀಟಿ ಊದುತ್ತಾನೆ. ಆಗ ಓಡಬೇಕು."

"ಯಾವ ಕಡೆಗೆ?"

"ಹತ್ತಿರದ ಕಡೆಗೆ."

ಶಿವಶರಣಪ್ಪನವರನ್ನು ಹೊತ್ತು ದಾಟಿಸುವುದು ಆಗದ ಮಾತು, ಆ ಹಾದಿಯಲ್ಲಿ ಇಬ್ಬರು ಜೊತೆಗೆ ಕಾಲಿಡಲು ಜಾಗವಿರಲಿಲ್ಲ. ಅವರು ನಡೆಯಲೇಬೇಕು. ಕಣ್ಣು ಮಂಜಾಗಿದೆ ಎನ್ನುತ್ತಿದ್ದಾರೆ, ಕಾಲು ನಡುಗುತ್ತಿವೆ. ಎಲ್ಲಿ ಹೆಜ್ಜೆ ಇಡಬೇಕು ಎಂದು ಯಾರಾದರೂ ಹೇಳುತ್ತ ಹೋಗಬೇಕು, ಆ ನೋವಿನಲ್ಲಿ ಇಂಗ್ಲಿಷ್ ಅವರ ತಲೆಗೆ ಹತ್ತದು, ಕನ್ನಡದಲ್ಲೇ ಹೇಳಬೇಕು. ಇದು ಮಾರ್ತಾಳಿಗೂ ಹೊಳೆಯಿತು, ನನಗೂ ಹೊಳೆಯಿತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದೆವು.

ಬೀಜದ ಚೀಲಗಳನ್ನು ತೆಗೆದುಕೊಳ್ಳಲು ಕೈ ಚಾಚಿದೆ. ಎವುಸೇಬಿಯೊ ತಲೆಯಾಡಿಸಿ ನನ್ನ ಎರಡೂ ಕೈಗಳನ್ನು ತೋರಿಸಿದ. ಅವನ ಭಾಷೆ ಬಾರದಿದ್ದರೂ ಅದು ಅರ್ಥವಾಯಿತು. ಚೀಲಗಳು ಜೀಪಿನಲ್ಲಿಯೇ ಉಳಿದವು, ಜೀಪಿನ ಜೊತೆ ಅವನೂ ಉಳಿದ.

ಮುಂದೆ ಮಾರ್ತಾ, ಅವಳ ಹಿಂದೆ ನಾನು, ನನ್ನ ಕೈ ಹಿಡಿದು ಶಿವಶರಣಪ್ಪನವರು, ಅವರ ಹಿಂದೆ ಒಬ್ಬ ಕೆಲಸಗಾರ. ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಕಚ್ಚೆ ಹಾಕಿದ್ದೆ.

"ಬಲಗಾಲ ಇಡ್ರಿ ಸರ. ಕಲ್ಲಿನ ಮ್ಯಾಲ ಬ್ಯಾಡ, ಮಣ್ಣಿನ ಮ್ಯಾಲ ಇಡ್ರಿ."

"ಹೂಂ."

"ಈಗ ಎಡಗಾಲ. ಸಣ್ಣ ಹೆಜ್ಜಿ. ಕೆಳಗ ನೋಡಬ್ಯಾಡ್ರಿ, ನನ್ನ ಬೆನ್ನ ನೋಡ್ರಿ."

"ಹೂಂ."

ಅವರಿಗೆ ಕೆಳಗೆ ನೋಡಬೇಡಿ ಎಂದೆ, ಹಾದಿ ಹೇಳಬೇಕಾದ ನಾನು ಪ್ರತಿ ಹೆಜ್ಜೆಗೂ ಕೆಳಗೆ ನೋಡಲೇಬೇಕಿತ್ತು. ನನ್ನ ಕಾಲಿನ ಅಂಚಿನಿಂದ ಉದುರಿದ ಮಣ್ಣು ಎಲ್ಲಿಯೂ ನಿಲ್ಲದೆ ನೀರಿಗೆ ಹೋಗುತ್ತಿತ್ತು. ನೀರಿನ ಸದ್ದಿನಲ್ಲಿ ಅದು ಬಿದ್ದದ್ದೂ ಕೇಳುತ್ತಿರಲಿಲ್ಲ.

ಸರಿಯಾಗಿ ನಡುವೆ ಇದ್ದಾಗ ಸೀಟಿ ಕೇಳಿತು.

ಮುಂದೆ ಎಷ್ಟು ದೂರವಿತ್ತೋ ಹಿಂದೆಯೂ ಅಷ್ಟೇ ಇತ್ತು. ಓಡಲು ಹತ್ತಿರದ ಕಡೆ ಎಂಬುದಿರಲಿಲ್ಲ. ನಾನು ಗೋಡೆಗೆ ಅಂಟುವಂತೆ ಮಣ್ಣಿಗೆ ಅಂಟಿಕೊಂಡೆ, ಶಿವಶರಣಪ್ಪನವರು ಕುಸಿದು ಕುಳಿತರು. ಮೊದಲು ಜಲ್ಲಿಯಂಥವು ಬಂದವು, ಆಮೇಲೆ ನೀರಿನ ಕೊಡದಷ್ಟು ದೊಡ್ಡ ಕಲ್ಲೊಂದು ಪುಟಿಯುತ್ತ ಬಂದು ನನಗೂ ಮಾರ್ತಾಳಿಗೂ ನಡುವೆ ಹಾದುಹೋಯಿತು. ಹಾದುಹೋದ ಗಾಳಿ ಮುಖಕ್ಕೆ ಬಡಿಯಿತು. ಕಲ್ಲು ಹೋದಲ್ಲಿ ಹಾದಿಯೂ ಒಂದು ಹೆಜ್ಜೆಯಷ್ಟು ಹೋಗಿತ್ತು.

ಹಿಂದಿನಿಂದ ದನಿ ಬಂತು. "ನೀ ಹೋಗವ್ವಾ. ನಾ ಇಲ್ಲೇ ಕುಂಡ್ರತೇನಿ."

ಅವರು ನನ್ನ ಹಿರಿಯ ಅಧಿಕಾರಿ. ಎಂಟು ವರ್ಷಗಳಲ್ಲಿ ಅವರ ಮುಂದೆ ನಾನು ಕುರ್ಚಿಯಲ್ಲಿ ಪೂರ್ತಿ ಒರಗಿ ಕುಳಿತವಳಲ್ಲ. "ಏಳ್ರಿ" ಎಂದೆ. ಅವರು ಏಳಲಿಲ್ಲ. "ಇಲ್ಲಿ ಕುಂತ್ರ ನಾನೂ ಇಲ್ಲೇ ಕುಂಡ್ರಾಕಿ. ನಮ್ಮವ್ವಗ ಯಾರು ಹೇಳ್ತಾರ? ಏಳ್ರಿ ಸರ" ಎಂದೆ. ನನ್ನ ದನಿ ನನಗೇ ಪರಕೀಯವಾಗಿ ಕೇಳಿತು. ಹಿಂದಿದ್ದ ಕೆಲಸಗಾರ ಅವರ ಕಂಕುಳಿಗೆ ಕೈಕೊಟ್ಟು ಎಬ್ಬಿಸಿದ. ಮಾರ್ತಾ ತನ್ನ ಬೂಟಿನ ಹಿಮ್ಮಡಿಯಿಂದ ಮಣ್ಣು ಅಗೆದು ಹೊಸ ಹೆಜ್ಜೆ ಮಾಡಿದಳು. ಮತ್ತೆ ಬಲಗಾಲು, ಎಡಗಾಲು. ಆಚೆ ದಂಡೆಯ ಗಟ್ಟಿ ನೆಲಕ್ಕೆ ಬಂದು ಲಾರಿ ಹತ್ತಿದ ಮೇಲೂ ನಾನು "ಬಲಗಾಲ, ಎಡಗಾಲ" ಎನ್ನುತ್ತಿದ್ದೆನಂತೆ.

ಆಸ್ಪತ್ರೆ

ವಿಲ್ಯಾಮೋಂತೆಸ್‌ನ ಆಸ್ಪತ್ರೆ ನಮ್ಮ ತಾಲ್ಲೂಕು ಆಸ್ಪತ್ರೆಯಂತೆಯೇ ಇತ್ತು, ಹಸಿರು ಬಣ್ಣ ಬಳಿದ ಅರ್ಧ ಗೋಡೆ, ಫಿನಾಯಿಲ್ ವಾಸನೆ. ಒಬ್ಬ ದಪ್ಪನೆಯ ನರ್ಸಮ್ಮ ಅವರನ್ನು ಒಳಗೆ ಕರೆದೊಯ್ದಳು. ನಾನು ಬಾಗಿಲ ಹೊರಗಿನ ಬೆಂಚಿನಲ್ಲಿ ಕುಳಿತೆ. ಸ್ವಲ್ಪ ಹೊತ್ತಿನಲ್ಲಿ ಒಳಗಿನಿಂದ ಶಿವಶರಣಪ್ಪನವರ ದನಿ ಕೇಳಿತು. "ಯಪ್ಪಾ ಬಸವಣ್ಣಾ" ಎಂದು ಉದ್ದಕ್ಕೆ ಒಂದು ಉಸಿರು. ನೋವಿನ ದನಿಯಲ್ಲ, ಹಗುರಾದವನ ದನಿ. ನಾನು ಬೆಂಚಿನ ಮೇಲೆಯೇ ಬಗ್ಗಿ ಮೊಣಕಾಲಿನಲ್ಲಿ ಮುಖ ಇಟ್ಟುಕೊಂಡೆ.

ನಳಿಕೆ ಹಾಕಿ ನೀರು ತೆಗೆದಿದ್ದರು. ಇನ್ನೂ ತಡವಾಗಿದ್ದರೆ ಮೂತ್ರಪಿಂಡಕ್ಕೆ ಅಪಾಯವಿತ್ತು ಎಂದು ಡಾಕ್ಟರು ಮಾರ್ತಾಳ ಮೂಲಕ ಹೇಳಿದರು. ಏನಾದರೂ ಔಷಧಿ ತೆಗೆದುಕೊಂಡಿದ್ದರೇ ಎಂದು ಕೇಳಿದರು. ಶಿವಶರಣಪ್ಪನವರ ಅಂಗಿಯ ಜೇಬಿನಲ್ಲಿ ನನ್ನ ನೆಗಡಿ ಗುಳಿಗೆಯ ಪಟ್ಟಿ ಇತ್ತು, ಎರಡು ಮಾತ್ರ ಉಳಿದಿದ್ದವು. ಡಾಕ್ಟರು ಅದನ್ನು ಬೆಳಕಿಗೆ ಹಿಡಿದು ಓದಿದರು. ವಯಸ್ಸಾದ ಗಂಡಸರಿಗೆ ಕೆಲವೊಮ್ಮೆ ಇದರಿಂದಲೇ ಕಟ್ಟುತ್ತದೆ, ಕೊಡಬಾರದಿತ್ತು ಎಂದರು. ಯಾರು ಕೊಟ್ಟರು ಎಂದು ಕೇಳಲಿಲ್ಲ. ಕೇಳಿದ್ದರೆ ಒಳ್ಳೆಯದಿತ್ತು.

ಮತ್ತೆ ಅಂಗೋಸ್ತೊ

ಎರಡು ದಿನ ಮಳೆ ಬಿಡಲಿಲ್ಲ. ಮೂರನೆಯ ದಿನ ಬೆಳಗ್ಗೆ ಬಿಸಿಲು ಬಂತು. ಕುಸಿದ ಜಾಗದಲ್ಲಿ ಜನ ಮತ್ತೆ ನಡೆದು ದಾಟುತ್ತಿದ್ದಾರೆ ಎಂದು ಸುದ್ದಿ ಬಂತು. ಬೀಜದ ಚೀಲಗಳು ಎವುಸೇಬಿಯೊನ ಬಳಿ ಇನ್ನೂ ಆಚೆಯೇ ಇದ್ದವು. ಹಸಿ ಕಾಯಿ, ಚೀಲದಲ್ಲಿಯೇ ಬೂಸಲು ಹಿಡಿಯುತ್ತವೆ. ನಾನು ಮಾರ್ತಾಳ ಜೊತೆ ಹೊರಟೆ. ಒಮ್ಮೆ ದಾಟಿದವಳು ನಾನು, ಇನ್ನೊಮ್ಮೆ ದಾಟಲಾರೆನೇ ಎಂದುಕೊಂಡಿದ್ದೆ.

ಹಾದಿ ಮೊದಲಿಗಿಂತ ಅಗಲವಾಗಿತ್ತು, ಮಣ್ಣು ಒಣಗಿತ್ತು, ಕಲ್ಲು ಬೀಳುತ್ತಿರಲಿಲ್ಲ. ಮಾರ್ತಾ ಮುಂದೆ ನಡೆದಳು. ನಾನು ನಾಲ್ಕು ಹೆಜ್ಜೆ ಇಟ್ಟೆ. ಐದನೆಯದಕ್ಕೆ ಕಾಲು ಏಳಲಿಲ್ಲ. ಅಂದು ಕೈಯಲ್ಲಿ ಒಬ್ಬರ ಕೈ ಇತ್ತು, ಬಾಯಲ್ಲಿ ಮಾತಿತ್ತು. ಇಂದು ನದಿಯ ಸದ್ದೊಂದೇ ಇತ್ತು. ಅದು ಕಿವಿಯೊಳಗೆ ತುಂಬಿ ತಲೆಯೊಳಗೆಲ್ಲ ಹರಿಯತೊಡಗಿತು. ನಾನು ಹಾದಿಯ ಮೇಲೆಯೇ ಕುಳಿತುಬಿಟ್ಟೆ. ನನ್ನ ಹಿಂದೆ ದಾಟಲು ನಿಂತಿದ್ದ ಮುದುಕಿಯೊಬ್ಬಳು ಬೈಯಲಿಲ್ಲ, ಅವಸರ ಮಾಡಲಿಲ್ಲ. ಕೈಯಲ್ಲಿದ್ದ ಬುಟ್ಟಿಯನ್ನು ಕೆಳಗಿಟ್ಟು ಕಾದಳು. ಕಡೆಗೆ ನಾನು ಕುಳಿತುಕೊಂಡೇ, ಕೈಯೂರಿ, ಹಿಂದಕ್ಕೆ ತೆವಳಿ ದಂಡೆಗೆ ಬಂದೆ. ಮಾರ್ತಾ ತಿರುಗಿ ನೋಡಿ ಕೈ ಬೀಸಿ ಒಬ್ಬಳೇ ದಾಟಿಹೋದಳು.

ಆಸ್ಪತ್ರೆಗೆ ಬಂದು ಶಿವಶರಣಪ್ಪನವರ ಮಂಚದ ಬಳಿ ನಿಂತೆ. ಅವರು ದಿಂಬಿಗೆ ಒರಗಿ ಕುಳಿತಿದ್ದರು, ಮುಖಕ್ಕೆ ಬಣ್ಣ ಬಂದಿತ್ತು.

"ತಂದೆನವಾ ಬೀಜ?"

"ಇಲ್ರಿ. ನಾಕ ಹೆಜ್ಜಿ ಇಟ್ಟು ಹೊಳ್ಳಿ ಬಂದೆ. ಕಾಲ ಏಳಲಿಲ್ಲ." ಆಮೇಲೆ ಉಳಿದದ್ದನ್ನೂ ಹೇಳಿದೆ. "ಆ ಗುಳಿಗಿ ನಾ ಕೊಟ್ಟಿದ್ದರಿಂದ ನಿಮಗ ಹಿಂಗಾತಂತ್ರಿ. ಡಾಕ್ಟರು ಹೇಳ್ಯಾರ."

ಬೈದುಬಿಡಲಿ ಎಂದುಕೊಂಡು ನಾನು ನಿಂತೇ ಇದ್ದೆ.

"ಗುಳಿಗಿ ಕೇಳಿ ಇಸ್ಕೊಂಡಾವ ನಾನು" ಎಂದರು. "ಮತ್ತ, ಅವತ್ತು ನಾನೂ ಹೊಳ್ಳಾವನೇ ಇದ್ದೆ. ಕೈ ಬಿಡಿಸ್ಕೊಳ್ಳಾಕ ಎರಡ ಸಲ ನೋಡಿದೆ. ನೀ ಬಿಡಲಿಲ್ಲ. ಕುಂಡ್ರು, ಉಂಡಿಯೇನು?"

ನಾಲ್ಕು ಗಂಟೆಯ ಹೊತ್ತಿಗೆ ಮಾರ್ತಾ ಹನ್ನೊಂದು ಚೀಲ ತಂದು ಮಂಚದ ಮೇಲಿಟ್ಟಳು. ನಾಲ್ಕರಲ್ಲಿ ಆಗಲೇ ಬೂಸಲು ಹಿಡಿದಿತ್ತು. ಹೊದಿಕೆಯ ಮೇಲೆ ಹಳೆಯ ಪತ್ರಿಕೆ ಹಾಸಿ ಎಲ್ಲವನ್ನೂ ಹರವಿದೆವು. ಶಿವಶರಣಪ್ಪನವರು ಕನ್ನಡಕ ಏರಿಸಿ ಕೆಟ್ಟದ್ದನ್ನು ಒಂದು ಕಡೆ, ಗಟ್ಟಿಯಿದ್ದದ್ದನ್ನು ಒಂದು ಕಡೆ ಮಾಡತೊಡಗಿದರು. ನರ್ಸಮ್ಮ ಬಂದು ಹಾಸಿಗೆಯ ಮೇಲಿನ ಮಣ್ಣು ನೋಡಿ ತನ್ನ ಭಾಷೆಯಲ್ಲಿ ಗದರಿದಳು. "ಹೌದ್ರಿ ತಾಯಿ, ಹೌದ್ರಿ" ಎನ್ನುತ್ತ ಅವರು ಕೈ ನಿಲ್ಲಿಸಲಿಲ್ಲ.

ಆ ಕೋಣೆಗೆ ಒಂದೇ ಕಿಟಕಿ. ಅದರ ತುಂಬ ಬೆಟ್ಟದ ಗೋಡೆಯೇ ಕಾಣುತ್ತಿತ್ತು. ನಾನು ಸ್ಟೂಲನ್ನು ಮಂಚದ ಈ ಬದಿಗೆ ಎಳೆದುಕೊಂಡು, ಕಿಟಕಿಗೆ ಬೆನ್ನು ಮಾಡಿ ಕುಳಿತು, ಕಾಳು ಆರಿಸಲು ಹತ್ತಿದೆ.